ದಾರಿ ಆರಿಸುವ ಮಾವ

ನಮ್ಮ ಸೋದರಮಾವನನ್ನು ಕೇಳದೆ ಮನೆಯಲ್ಲಿ ಯಾರೂ ವಿಮಾನ ಹತ್ತುವುದಿಲ್ಲ. ಯಾವ ಕಂಪನಿಯ ಸೀಟಿನಲ್ಲಿ ಮೊಣಕಾಲು ಮುಂದಿನ ಸೀಟಿಗೆ ತಗುಲುತ್ತದೆ, ಯಾವ ನಿಲ್ದಾಣದಲ್ಲಿ ವಿಮಾನ ಬದಲಿಸಲು ಮೈಲಿಗಟ್ಟಲೆ ನಡೆಯಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. “ವಿಮಾನ ಬದಲಿಸೋಕೆ ಎರಡು ಗಂಟೆ ಸಾಲಲ್ಲ, ನಾಲ್ಕು ಗಂಟೆ ಆದ್ರೆ ಬೇಜಾರು” ಎಂದು ಅಳೆದೂ ಸುರಿದೂ, ಹೊರದೇಶದಲ್ಲಿರುವ ತಂಗಿಯ ಮನೆಗೆ ಹೋಗುವ ದಾರಿಯನ್ನು ಐದು ವರ್ಷದಿಂದ ಆರಿಸುತ್ತಲೇ ಇದ್ದರು. “ಅಣ್ಣಾ, ನೀನು ನಡ್ಕೊಂಡು ಹೊರಟಿದ್ರೂ ಇಷ್ಟೊತ್ತಿಗೆ ಬಂದಿರ್ತಿದ್ದೆ” ಎಂದು ಚಿಕ್ಕಮ್ಮ ಫೋನಿನಲ್ಲಿ ನಗುತ್ತಿದ್ದರು. ಚಿಕ್ಕಮ್ಮನಿಗೆ ವಾರದೊಳಗೆ ಹೃದಯದ ಆಪರೇಷನ್ ಎಂಬ ಸುದ್ದಿ ಮೊನ್ನೆ ಮಂಗಳವಾರ ಬಂತು. ಮಾವ ಮೊದಲು ಸಿಕ್ಕ ಟಿಕೆಟ್ಟನ್ನೇ ತೆಗೆದುಕೊಂಡರು. ಮೂರು ಕಡೆ ವಿಮಾನ ಬದಲಿಸಬೇಕು, ಎಲ್ಲದರಲ್ಲೂ ನಡುವಿನ ಸೀಟು. “ಯಾವ ಕಂಪನಿ, ಮಾವ?” ಎಂದೆ. ಬೂಟಿನ ದಾರ ಕಟ್ಟುತ್ತಿದ್ದವರು ತಲೆ ಎತ್ತದೆ, “ನೋಡ್ಲಿಲ್ಲಪ್ಪ. ಆಪರೇಷನ್‌ಗೆ ಮುಂಚೆ ಮುಟ್ಟಿಸುತ್ತಂತೆ” ಎಂದರು.