ಹೊಟ್ಟೆಯ ಮಾಸ್ತರರು
ಸೇಡಂನ ಗಣಿತದ ಮಾಸ್ತರ ಧೀರೇಂದ್ರರಾಯರನ್ನು "ಆರಾಮಿದ್ದೀರೇನ್ರಿ?" ಎಂದು ಕೇಳಿದವರು ಸಿಕ್ಕಿಬೀಳುತ್ತಿದ್ದರು. "ಎಲ್ಲಿ ಆರಾಮರಿ, ಇವತ್ತೂ ಹೊಟ್ಟಿ ಸಾಫ್ ಆಗಿಲ್ಲ" ಎಂದು ಶುರುವಾದ ಮಾತು ಇಸಬಗೋಲು, ತ್ರಿಫಲಾ ದಾಟಿ ಹರಳೆಣ್ಣೆಗೆ ಬಂದು ನಿಲ್ಲುತ್ತಿತ್ತು. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಮುಂದೆಯೂ ಅದೇ ಪುರಾಣ. ಹೊಟ್ಟೆ ಕಟ್ಟಿದ ದಿನ ಅವರಿಗೆ ಲೋಕವೇ ಕತ್ತಲು. ಮಕ್ಕಳ ಸರಿಯಾದ ಲೆಕ್ಕಕ್ಕೂ ಕೆಂಪು ಗೀಟು ಬೀಳುತ್ತಿತ್ತು. "ನನ್ನ ತಲಿ ಹೊಟ್ಟ್ಯಾಗ ಅದರಿ" ಎಂದರೆ ಸ್ಟಾಫ್ ರೂಮೆಲ್ಲ ನಗುತ್ತಿತ್ತು. ನಿವೃತ್ತರಾದ ವರ್ಷ ಅವರ ಬಲಗೈ ನಡುಗತೊಡಗಿತು. ಗುಲಬರ್ಗಾದ ಡಾಕ್ಟರು ಪರೀಕ್ಷೆ ಮಾಡಿ, "ಇದು ಪಾರ್ಕಿನ್ಸನ್, ಮಿದುಳಿನ ರೋಗ. ಆದ್ರ ಕೆಲವರಿಗೆ ಕರುಳಿನ್ಯಾಗೇ ಶುರುವಾಗ್ತದೇನೋ ಅಂತ ಈಗ ಅನುಮಾನ ಪಡ್ಲಿಕತ್ತಾರ. ನಿಮಗ ಹೊಟ್ಟಿ ತ್ರಾಸ ಇತ್ತೇನ್ರಿ?" ಎಂದರು. ರಾಯರು ಗೆದ್ದವರಂತೆ ಹೆಂಡತಿಯತ್ತ ತಿರುಗಿ ನಕ್ಕರು. ಅನಸೂಯಾಬಾಯಿ ನಗಲಿಲ್ಲ. ನಡುಗುವ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, "ಡಾಕ್ಟರಿಗೆ ಎಲ್ಲಾ ಹೇಳ್ರಿ, ನಾನೂ ಕೇಳ್ತೀನಿ" ಎಂದರು.