ದಂಡೆಪಾಲಿನ ಖಾದರಾಕ

ಕಂಪೆನಿ ಬಸ್ಸಿಗೆ ಹೊಸಬರು ಹತ್ತಿದರೆ ಊರು, ಸಂಬಳ, ವೀಸಾ ಕೊಟ್ಟ ಧಣಿ ಅಂದರೆ ಕಫೀಲ್ ಯಾರೆಂದು ಕೇಳುವುದು ಕುವೈತಿನ ವಾಡಿಕೆ. ಖಾದರಾಕ ಕೇಳುತ್ತಿದ್ದದ್ದು ಒಂದೇ ಮಾತು: "ತುಮ್ಹಾರಾ ಗಾಂವ್ ಕಾ ನದಿ ಮೇ ಮಛಲಿ ಕಿಸ್ಕಾ ಹೈ, ಭಾಯಿ?" ನಿಮ್ಮೂರಿನ ಹೊಳೆಯ ಮೀನು ಯಾರದ್ದು ಎಂದು. ಮಂಗಫ್‌ನ ರೂಮುಗಳಿಂದ ಮೀನಾ ಅಬ್ದುಲ್ಲಾದ ರಿಫೈನರಿ ಕೆಲಸಕ್ಕೆ ತೂಕಡಿಸುತ್ತ ಹೋಗುವಾಗ ಈ ಪ್ರಶ್ನೆ ಕೇಳಿ ಕಕ್ಕಾಬಿಕ್ಕಿಯಾಗದವರಿಲ್ಲ. ಅದೂ ಹೊಳೆಯೇ ಇಲ್ಲದ ದೇಶದಲ್ಲಿ.

ಬಾಂಗ್ಲಾದ ವೆಲ್ಡರ್ ಒಬ್ಬ, ತನ್ನೂರಿನ ನೀರನ್ನೆಲ್ಲ ಸರಕಾರ ದೊಡ್ಡವರಿಗೆ ಗುತ್ತಿಗೆ ಕೊಡುತ್ತದೆ, ಬಲೆ ಹಾಕಿದ ಬಡವನೇ ಕಳ್ಳನಾಗುತ್ತಾನೆ ಎಂದ. ಸ್ಕಾಟ್ಲೆಂಡಿನ ಸೂಪರ್‌ವೈಸರ್ ದೊಡ್ಡ ಮೀನೊಂದನ್ನು ಅಪ್ಪಿಕೊಂಡ ಫೋಟೊ ತೋರಿಸಿ, ಆ ಹೊಳೆಯ ಮೀನಿನ ಹಕ್ಕು ಒಬ್ಬ ಜಮೀನ್ದಾರನದ್ದು, ಒಂದು ದಿನ ಗಾಳ ಹಾಕಲು ತಿಂಗಳುಗಟ್ಟಲೆ ಕಾದೆ ಎಂದ. ಖಾದರಾಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೊಳೆಗೆ ಧಣಿಯಾ? ಮೀನಿಗೆ ಗೊತ್ತುಂಟಾ ಮಾರಾಯ ಅದು?" ಎಂದು ನನ್ನ ಕಡೆ ತಿರುಗಿದರು.

ಅವರು ಪೈಪ್ ಫಿಟ್ಟರ್. ದಕ್ಷಿಣ ಕನ್ನಡದಲ್ಲಿ ನಮ್ಮದು ಒಂದೇ ಊರು, ಒಂದೇ ಹೊಳೆ. ತೊಂಬತ್ತರ ದಶಕದಲ್ಲಿ ನನಗೆ ವೀಸಾ ಮಾಡಿಸಿ ಕರೆಸಿಕೊಂಡವರೂ ಅವರೇ. ಅವರಿಗೆ ಬೀಸುಬಲೆ ಹಾಕಲು ಕಲಿಸಿದವರು ನನ್ನ ಅಪ್ಪ. ನಮ್ಮ ಹೊಳೆಯ ತಿರುವಿನಲ್ಲಿ ಮುಗುಡು ಮೀನು ತುಂಬಿದ ಒಂದು ಮಡು ಇತ್ತು. ಅಲ್ಲಿ ಬಲೆ ಎಳೆಯುವಾಗ ದಂಡೆಯಲ್ಲಿ ಯಾರಿದ್ದರೂ, ನೆಂಟರಾಗಲಿ ದಾರಿಹೋಕರಾಗಲಿ, ಒಂದು ಮೀನು ಅವರದ್ದು. ಇದಕ್ಕೆ ದಂಡೆಪಾಲು ಎನ್ನುತ್ತಿದ್ದೆವು.

ಈ ದಂಡೆಪಾಲನ್ನು ಖಾದರಾಕ ಕುವೈತಿಗೂ ತಂದಿದ್ದರು. ಶುಕ್ರವಾರ ಮಂಗಫ್‌ನ ಕಡಲ ಬದಿಯಲ್ಲಿ ಗಾಳ ಹಾಕಿ ಕೂತರೆ ಹತ್ತಿರ ಸುಳಿದವರು ಬರಿಗೈಲಿ ಹೋಗುವಂತಿರಲಿಲ್ಲ. ಒಮ್ಮೆ ದೊಡ್ಡ ಕಾರಿನಿಂದಿಳಿದು ನೋಡಲು ಬಂದ ಅರಬ್ಬಿ ಸಾಹೇಬರ ಕೈಗೇ ಒದ್ದಾಡುವ ಮೀನು ತುರುಕಿ, "ಯಲ್ಲಾ, ತೆಗೊಳ್ಳಿ, ದಂಡೆಪಾಲು!" ಎಂದಿದ್ದರು. ಆ ಮನುಷ್ಯ ಬಿಳಿ ನಿಲುವಂಗಿಗೆ ತಾಗದಂತೆ ಮೀನನ್ನು ದೂರ ಹಿಡಿದುಕೊಂಡು ನಿಂತದ್ದು ನೆನೆದರೆ ಈಗಲೂ ನಗು ಬರುತ್ತದೆ.

ಇಂಥ ಖಾದರಾಕ ಊರಿನ ಆ ಮಡುವಿನ ದಂಡೆಯ ಜಾಗವನ್ನೇ ಕೊಂಡರು. ಅವರಿಗೆ ಓದುಬರಹ ಬಾರದು. ಅವರು ಹೇಳಿದ್ದನ್ನು ನಾನು ಬರೆಯುವುದು, ರಜೆಗೆ ಹೋಗುವವರ ಕೈಯಲ್ಲಿ ಕಾಗದ ಕಳಿಸುವುದು ನಮ್ಮ ಪದ್ಧತಿ.

"ನನ್ನ ತಮ್ಮನಿಗೆ ಬರೆ, ವಲೇರಿ. ನಾನು ಊರು ಸೇರುವಷ್ಟರಲ್ಲಿ ತೋಟೆ ಸಿಡಿಸಿ ಮೀನು ಹಿಡಿಯುವವರು ಮಡುವನ್ನು ಮುಗಿಸ್ತಾರೆ. ಸುತ್ತ ಕಂಪೌಂಡು ಆಗ್ಬೇಕು, ಗೇಟಿಗೆ ಬೀಗ ಬೀಳ್ಬೇಕು."

"ಹೊಳೆಗಿಳಿಯುವ ಕಾಲುದಾರಿ ಅಲ್ಲೇ ಅಲ್ವಾ ಖಾದರಾಕ?"

"ನಿನ್ನಪ್ಪನಿಗೆ ಒಂದು ಕೀ ಕೊಡ್ಲಿಕ್ಕೆ ಬರೆ. ಅವರನ್ನು ನಾನು ಮರೀತೇನಾ?"

ವೀಸಾ ಕೊಡಿಸಿದವರ ಎದುರು ಬಾಯಿ ಬರಲಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟೆ. ಆ ಹೇಡಿತನಕ್ಕೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು.

ಮರುವರ್ಷ ಅವರು ರಜೆ ಮುಗಿಸಿ ಬರುವಾಗ ಊರಿನವರ ಪಾರ್ಸೆಲುಗಳನ್ನೆಲ್ಲ ಹೊತ್ತು ತಂದರು. ಅಪ್ಪ ಬಟ್ಟೆಯಲ್ಲಿ ಹೊಲಿದು ಕಳಿಸಿದ ಕಟ್ಟನ್ನು ನನ್ನ ರೂಮಿನಲ್ಲಿ ಅವರೇ ಬ್ಲೇಡಿನಿಂದ ಬಿಚ್ಚಿದರು. ಹಪ್ಪಳ, ಒಣಸಿಗಡಿ, ಅದರಡಿಯಲ್ಲಿ ಚೀಟಿ ಸುತ್ತಿದ ಒಂದು ಕೀ.

"ಇದು ನನ್ನ ಗೇಟಿನದ್ದಲ್ವಾ? ಎಂತ ಬರೆದಿದ್ದಾರೆ, ಓದು."

ಓದಿದೆ. "ಹೊಳೆಗೆ ಹೋಗಲು ಕೀ ಬೇಕಾದ ಮೇಲೆ ನಾನು ಹೋಗುವುದಿಲ್ಲ. ಖಾದರನ ಮುಖ ನೋಡಿ ಕೊಡಲು ಮನಸ್ಸಾಗಲಿಲ್ಲ. ನೀನು ಕೊಟ್ಟುಬಿಡು."

ಖಾದರಾಕ ಕುಳಿತಲ್ಲೇ ಇಳಿದುಹೋದರು. ಆಮೇಲೆ ಸ್ವರ ಎತ್ತಿ, "ಈಗ ತೋಟೆಯವರು ಬರುದಿಲ್ಲ, ಗೊತ್ತುಂಟಾ? ಮೀನು ಉಳಿಸಿದ್ದು ನಾನು!" ಎಂದರು.

"ಬೀಗ ತೆಗೆಸಿ ಖಾದರಾಕ."

"ಅದೊಂದು ಆಗುದಿಲ್ಲ." ಕೀಯನ್ನು ಮಂಚದ ಮೇಲೆ ಬಿಟ್ಟು ಎದ್ದು ಹೋದರು.

ಅಂದಿನಿಂದ ಬಸ್ಸಿನಲ್ಲಿ ಅವರು ಯಾರನ್ನೂ ಏನೂ ಕೇಳಲಿಲ್ಲ. ಊರಲ್ಲಿ ಅಪ್ಪ ಮತ್ತೆ ಹೊಳೆಗೆ ಇಳಿಯಲೇ ಇಲ್ಲ. ಅಟ್ಟದ ಮೇಲಿನ ಬಲೆಯನ್ನು ಇಲಿಗಳು ತಿಂದವು. ಕೆಲವು ವರ್ಷಗಳಲ್ಲಿ ಅಪ್ಪನೂ ಹೋದರು. ಆಗ ನನ್ನನ್ನು ತಬ್ಬಿಕೊಂಡು ನನಗಿಂತ ಹೆಚ್ಚು ಅತ್ತವರು ಖಾದರಾಕ. ಆ ಕಣ್ಣೀರು ಸುಳ್ಳಲ್ಲ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ವಾಸದ ಪರವಾನಗಿ ಇಕಾಮಾವನ್ನು ರದ್ದು ಮಾಡಿಸಿ ಅವರು ಕಾಯಂ ಊರಿಗೆ ಹೊರಟ ದಿನ ಪೆಟ್ಟಿಗೆಯನ್ನು ಕೆಳಗಿಳಿಸಿ ಟ್ಯಾಕ್ಸಿಗೆ ಹಾಕಿದವನು ನಾನು. ಕೀಯನ್ನು ಅವರ ಮುಂದೆ ಹಿಡಿದೆ.

"ನಿನ್ನ ಹತ್ರವೇ ಇರ್ಲಿ. ಊರಿಗೆ ಬಂದಾಗ ಬೇಕಾಗ್ತದೆ," ಎಂದರು ಪ್ರೀತಿಯಿಂದಲೇ.

ತಡೆಯಲಾಗಲಿಲ್ಲ. "ಖಾದರಾಕ, ನಮ್ಮೂರಿನ ಹೊಳೆಯ ಮೀನು ಯಾರದ್ದು?"

ಡ್ರೈವರ್ "ಯಲ್ಲಾ, ಯಲ್ಲಾ" ಎಂದ. ಖಾದರಾಕ ಒಳಗೆ ಕೂತು ಬಾಗಿಲು ಹಾಕಿಕೊಂಡರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ಅವರ ತಮ್ಮ ಫೋನಿನಲ್ಲಿ ಹೇಳಿದ. ಕೊನೆಯವರೆಗೂ ದಿನಾ ಬೆಳಗ್ಗೆ ಒಬ್ಬರೇ ಮಡುವಿಗಿಳಿದು ಬಲೆ ಬೀಸುತ್ತಿದ್ದರಂತೆ. ಎಳೆದಾದ ಮೇಲೆ ದಂಡೆಯ ಕಡೆ ಒಮ್ಮೆ ತಿರುಗಿ ನೋಡಿ, ಯಾರೂ ಇಲ್ಲದ್ದರಿಂದ, ಒಂದು ಮೀನನ್ನು ಮತ್ತೆ ನೀರಿಗೇ ಬಿಡುತ್ತಿದ್ದರಂತೆ. ಬೀಗವನ್ನು ಮಾತ್ರ ತೆಗೆಯಲಿಲ್ಲ.