ಮುಂಬಾಗಿಲ ದೀಪ ನೋಡಿ ನಿಲ್ಲುವ ಬಸ್ಸು

ವರ್ನಾ ಸ್ಟ್ಯಾಡ್ಲರ್ ಓಡಿಸುವ ಶಾಲಾ ಬಸ್ಸಿಗೆ ಹಾರ್ನ್ ಇದ್ದೂ ಇಲ್ಲದ ಹಾಗೆ. ನಮ್ಮ ಪೆನ್ಸಿಲ್ವೇನಿಯಾದ ಗುಡ್ಡಗಳಲ್ಲಿ ಚಳಿಗಾಲ ಬಂತೆಂದರೆ ಮಕ್ಕಳು ಕತ್ತಲಲ್ಲೇ ಶಾಲೆಗೆ ಹೊರಡುತ್ತವೆ. ಮನೆಯ ಮುಂಬಾಗಿಲ ದೀಪ ಉರಿಯುತ್ತಿದ್ದರೆ ಮಗು ಬರುತ್ತದೆ, ಬಸ್ಸು ಕಾಯಬೇಕು. ಆರಿದ್ದರೆ ಇವತ್ತು ಬರುವುದಿಲ್ಲ, ಹೋಗಬಹುದು. ಈ ಪದ್ಧತಿ ಯಾರು ಶುರುಮಾಡಿದರೋ ಗೊತ್ತಿಲ್ಲ. ಡಿಪೋದಲ್ಲಿ ಅವಳ ಬಸ್ಸು ರಿಪೇರಿ ಮಾಡುತ್ತಲೇ ಮುದುಕನಾದ ನನಗೆ ಇಷ್ಟು ಗೊತ್ತು: ಉರಿಯುವ ದೀಪವನ್ನು ದಾಟಿಕೊಂಡು ವರ್ನಾ ಎಂದೂ ಹೋದವಳಲ್ಲ.

ಹೊಸ ಬಜೆಟ್ ಬಂತು. ರಾಜಧಾನಿಯಲ್ಲಿ ಬೆಚ್ಚಗೆ ಕೂತವರು ಶಾಲಾ ಬಸ್ಸುಗಳ ಹಣಕ್ಕೆ ಕತ್ತರಿ ಹಾಕಿದರು. ಶಾಲಾ ಮಂಡಳಿ ಗುಡ್ಡದ ಮೇಲಿನ ದಾರಿಯನ್ನೇ ಕೈಬಿಟ್ಟಿತು. ಅಲ್ಲಿದ್ದದ್ದು ಒಂದೇ ಮಗು, ಲೀಆನಳ ಮಗಳು ಟೆಸ್ಸಾ. ಇನ್ನು ಮನೆಯವರೇ ಕರೆತರಬೇಕಂತೆ! ಲೀಆನಳಿಗೆ ಕೋಳಿಮಾಂಸದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಮಗಳು ಬಸ್ಸು ಹತ್ತಿದರೆ ಮಾತ್ರ ಅವಳು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟುತ್ತಿದ್ದಳು.

ಮೊದಲ ದಿನ ವರ್ನಾ ಅಭ್ಯಾಸಬಲದಿಂದ ಬಸ್ಸನ್ನು ಗುಡ್ಡದ ಕಡೆ ತಿರುಗಿಸಿಬಿಟ್ಟಳು. ಮೇಲೆ ದೀಪ ಉರಿಯುತ್ತಿತ್ತು. ಲೀಆನ್ ಅಭ್ಯಾಸದಿಂದ ಹಾಕಿದ್ದಳೋ, ಆಸೆಯಿಂದಲೋ! ಟೆಸ್ಸಾ ಓಡಿಬಂದು ಹತ್ತಿದಳು. ಮರುದಿನ ವರ್ನಾ ಬೇಕೆಂದೇ ಹೋದಳು. ಸಂಜೆ ಮೇಲ್ವಿಚಾರಕ ಡಿಪೋಗೆ ಬಂದ.

"ಇನ್ನೊಂದ್ಸಲ ಆ ಕಡೆ ಹೋದ್ರೆ ಕೀ ವಾಪಸ್ ಕೊಡ್ಬೇಕಾಗುತ್ತೆ ವರ್ನಾ. ನಾನೇನ್ ಮಾಡ್ಲಿ, ಮೇಲಿಂದ ಬಂದಿರೋ ಆರ್ಡರು."

"ದೀಪ ಹಾಕಿರ್ತಾಳಲ್ಲಪ್ಪಾ, ಹ್ಯಾಗ್ ಬಿಟ್ಟು ಬರ್ಲಿ?"

ಅವನು ಹೋದ ಮೇಲೆ ನಾನು ರೇಗಿದೆ. "ಪಿಂಚಣಿ ಕೈಗೆ ಬರೋ ಹೊತ್ತಲ್ಲಿ ನಿಂಗೇನೇ ಹುಚ್ಚು?"

"ನೀನು ಬಸ್ಸಿನ ಎಂಜಿನ್ ನೋಡ್ಕೊ, ನನ್ ತಲೆ ಬಿಚ್ಚೋಕೆ ಬರ್ಬೇಡ," ಅಂದಳು. ನಾಳೆಯೂ ಹೋಗುವವಳೇ ಎಂದು ಅವಳ ಮುಖವೇ ಹೇಳುತ್ತಿತ್ತು.

ಡಿಪೋದಲ್ಲಿ ಆಡಿದ ಮಾತು ರಾತ್ರಿ ಊಟದ ಹೊತ್ತಿಗೆ ಗುಡ್ಡದ ಮೇಲೂ ಮುಟ್ಟಿಬಿಡುವ ಊರು ನಮ್ಮದು.

ಮರುದಿನ ಬೆಳಿಗ್ಗೆ ತಿರುವಿನಲ್ಲಿ ವರ್ನಾ ತಲೆಯೆತ್ತಿ ನೋಡಿದಳು. ಲೀಆನಳ ಮನೆ ಕತ್ತಲಾಗಿತ್ತು. ಮಗುವಿಗೆ ಜ್ವರವೇನೋ ಎಂದುಕೊಂಡು ನೇರ ಹೋದಳು. ಶಾಲೆ ಮುಟ್ಟಿ ನೋಡಿದರೆ, ಗೇಟಿನ ಬಳಿ ಚಳಿಗೆ ಮೂಗು ಕೆಂಪಗಾದ ಟೆಸ್ಸಾ, ಪಕ್ಕದಲ್ಲಿ ಲೀಆನ್. ಕಾರ್ಖಾನೆಯ ಬಿಳಿ ಕೋಟು ಮೈಮೇಲಿರಲಿಲ್ಲ.

"ಕೆಲ್ಸಕ್ಕೆ ಹೋಗ್ಲಿಲ್ವೇನಮ್ಮಾ?"

"ಬಿಟ್ಬಿಟ್ಟೆ, ಮಿಸ್ ವರ್ನಾ. ಬೇರೆ ಏನಾದ್ರೂ ನೋಡ್ತೀನಿ."

"ಮತ್ತೆ ದೀಪ?"

"ಹಾಕಿದ್ರೆ ನೀವು ಬಂದೇ ಬರ್ತಿದ್ರಲ್ಲ."

ಡಿಪೋಗೆ ಬಂದು ಇದನ್ನು ಹೇಳುವಾಗ ವರ್ನಾ ಕೈಗವಸು ಬಿಚ್ಚುವುದನ್ನೂ ಮರೆತಿದ್ದಳು. ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ.

"ಹೋಗ್ಲಿ ಬಿಡು, ಕೆಲ್ಸ ಉಳೀತಲ್ಲ," ಅಂದೆ.

"ಯಾರ್ದು?" ಅಂದಳು ವರ್ನಾ.